ಆರಿಸಿಕೊಂಡು ಓದುವ ಹುಡುಗಿಗೆ

ಪ್ರೀತಿಯ ಮಗಳೇ,

ಭಾನುವಾರದ ವಾಚನ ಓದಲು ಬಾ ಎಂದು ಸ್ವಾಮಿಯವರು ಕರೆದರೆ ಒಲ್ಲೆ ಅಂದೆಯಂತೆ. ಮೊಬೈಲಿನಲ್ಲಿ ಬೈಬಲ್ ಇದೆ, ಮನಸ್ಸಿಗೆ ಹಿಡಿಸಿದ್ದನ್ನು ನಾನೇ ಆರಿಸಿ ಓದಿಕೊಳ್ಳುತ್ತೇನೆ, ಯಾರೋ ಗೊತ್ತುಮಾಡಿದ್ದು ನನಗೇಕೆ ಎಂದೂ ನಿಮ್ಮಮ್ಮನಿಗೆ ಹೇಳಿದೆಯಂತೆ. ಕೇಳಿ ಸುಮ್ಮನಿರಲು ನೋಡಿದೆ, ಆಗಲಿಲ್ಲ. ನಿನ್ನ ಹಾಗೆ ಯೋಚಿಸುವ ಮಕ್ಕಳು ಬೇರೆ ಧರ್ಮಕೇಂದ್ರಗಳಲ್ಲೂ ಇರುತ್ತಾರೆಂದು ಈ ಕಾಗದವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ನಾನು ಚಿಕ್ಕವಳಿದ್ದಾಗ ಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. ಸ್ವಾಮಿಗಳು ಪೀಠದ ಕಡೆ ಮುಖ ಮಾಡಿ ಓದುತ್ತಿದ್ದರು, ನಮ್ಮಮ್ಮ ಅಷ್ಟು ಹೊತ್ತೂ ಜಪಸರ ಎಣಿಸುತ್ತಿದ್ದರು. ವರ್ಷವರ್ಷವೂ ಅವೇ ಪಾಠಗಳು. ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆ ಓದುತ್ತಿದ್ದುದೇ ಅಪರೂಪ. ಬೈಬಲ್ಲಿನ ಭಂಡಾರವನ್ನು ಜನರಿಗೆ ಇನ್ನಷ್ಟು ತೆರೆದಿಡಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. 1969ರ ಆಗಮನ ಕಾಲದಿಂದ ಮೂರು ವರ್ಷದ ಹೊಸ ಸುತ್ತು ಬಂತು: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರಾಚೆ ಲೂಕ. ಯೊವಾನ್ನನ ಪಾಲು ಹೆಚ್ಚಾಗಿ ತಪಸ್ಸು ಕಾಲ, ಪಾಸ್ಖ ಕಾಲಗಳಿಗೆ.

ನಿನ್ನ ತಾತನಿಗೆ ಊರಲ್ಲಿ ದಿನಸಿ ಅಂಗಡಿ ಇದ್ದದ್ದು ನಿನಗೆ ಗೊತ್ತು. 1977ರ ಸೆಪ್ಟೆಂಬರಿನಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಎಂದು ಸ್ವಾಮಿಗಳು ನನ್ನನ್ನು ಮೊದಲ ವಾಚನಕ್ಕೆ ನಿಲ್ಲಿಸಿದರು. ಹೆಣ್ಣುಮಗಳು ಅಲ್ಲಿ ನಿಂತು ಓದುವುದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಅಪ್ಪ ಹೊಸ ಪಂಚೆ ಉಟ್ಟು ಮುಂದಿನ ಬೆಂಚಿನಲ್ಲೇ ಕೂತರು. ಅಂದಿನ ಪಾಠ ಪ್ರವಾದಿ ಆಮೋಸನದು. ಹಬ್ಬ ಮುಗಿಯುವುದನ್ನೇ ಕಾದು ಧಾನ್ಯ ಮಾರಲು ಕೂರುವವರು, ಅಳತೆ ಕುಗ್ಗಿಸುವವರು, ಕಳ್ಳ ತಕ್ಕಡಿ ಹಿಡಿಯುವವರು, ಗುಡಿಸಿದ ಗೋಧಿಯನ್ನೂ ಬಿಡದೆ ಮಾರುವವರು, ಇಂಥ ವರ್ತಕರ ಮೇಲೆ ಅವನು ಸಿಡಿದೇಳುವ ಭಾಗ. ಓದುತ್ತಾ ಹೋದಂತೆ ಹಿಂದಿನ ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ತಲೆ ಎತ್ತಿ ಅಪ್ಪನನ್ನು ನೋಡುವ ಧೈರ್ಯ ನನಗೆ ಬರಲಿಲ್ಲ.

ಪೂಜೆ ಮುಗಿದದ್ದೇ ಅಪ್ಪ ಸ್ವಾಮಿಗಳ ಮನೆಗೆ ನುಗ್ಗಿದರು. ನನ್ನ ಮಗಳ ಬಾಯಲ್ಲೇ ನನ್ನ ಮಾನ ಕಳೆಯಬೇಕಿತ್ತಾ ಎಂದು ಕೂಗಾಡಿದರು. ಸ್ವಾಮಿಗಳು ಪುಸ್ತಕ ತೆಗೆದು ಮುಂದಿಟ್ಟರು: ಇದು ನಾನು ಆರಿಸಿದ್ದಲ್ಲ, ಇವತ್ತು ರೋಮಿನಲ್ಲೂ ಇದೇ ಪಾಠ. ಅಪ್ಪನ ಬಾಯಿ ಕಟ್ಟಿತು. ಜಗಳವಾಡಲು ಎದುರಿಗೆ ಯಾರೂ ಉಳಿದಿರಲಿಲ್ಲ. ಆಮೇಲೆ ತಕ್ಕಡಿಯ ಸಂಗತಿ ಏನಾಯಿತೋ ನಾನು ಕೇಳಲಿಲ್ಲ. ಆದರೆ ಅಂಗಡಿಯಲ್ಲಿ ಗುಡಿಸಿದ ಕಾಳು ಮತ್ತೆ ಚೀಲಕ್ಕೆ ಸೇರುವುದು ನಿಂತಿತು, ಕೋಳಿಗಳ ಪಾಲಾಯಿತು.

ಈಗ ಹೇಳು, ಅಪ್ಪ ತಾವೇ ಆರಿಸಿ ಓದುವವರಾಗಿದ್ದರೆ ಆಮೋಸನ ಪುಟ ತೆರೆಯುತ್ತಿದ್ದರಾ?

ನಿನ್ನ ವಾಟ್ಸಾಪ್ ಸ್ಟೇಟಸ್ ನಾನೂ ನೋಡುತ್ತೇನೆ. ಹೂವಿನ ಚಿತ್ರ, ಅದರ ಮೇಲೆ ಯೆರೆಮೀಯನ ಒಂದು ಭರವಸೆಯ ಸಾಲು. ಅದು ನಾಡು ಕಳೆದುಕೊಂಡು ಬಾಬಿಲೋನಿನಲ್ಲಿ ಬಿದ್ದಿದ್ದವರಿಗೆ ಬರೆದ ಕಾಗದದ್ದು. ಅದೇ ಕಾಗದ ಎಪ್ಪತ್ತು ವರ್ಷ ಕಾಯಬೇಕು ಅನ್ನುತ್ತದೆ. ಅದನ್ನು ಯಾಕೆ ಹಾಕಲಿಲ್ಲ? ತಟ್ಟೆಯಿಂದ ಹಪ್ಪಳ ಮಾತ್ರ ಎತ್ತಿಕೊಂಡು ಊಟ ಆಯಿತು ಅನ್ನುವ ಮಗುವಿನ ಹಾಗಾಯಿತು ನಿನ್ನ ಓದು. ಇಷ್ಟು ಓದಿದ ಹುಡುಗಿಗೆ ಇದನ್ನೂ ಹೇಳಿಕೊಡಬೇಕಾ?

ಕೋಪ ಮಾಡಿಕೊಳ್ಳಬೇಡ. ಒಬ್ಬಳೇ ಕೂತು ಓದುವುದು ತಪ್ಪು ಅಂತಲ್ಲ. ಚರ್ಚಿನವರೂ ಆರಿಸಿ, ಬಿಟ್ಟು ಓದುತ್ತಾರಲ್ಲ ಎಂದು ನೀನು ವಾದಿಸಿದರೆ ಒಪ್ಪುತ್ತೇನೆ. ಮಾರ್ಕನ ವರ್ಷದ ತಪಸ್ಸು ಕಾಲದಲ್ಲಿ 137ನೇ ಕೀರ್ತನೆ ಬರುತ್ತದೆ, ಅದರ ಕೊನೆಯ ಭಯಂಕರ ಮಾತುಗಳು ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ಇಡೀ ಅಧ್ಯಾಯ ಓದು. ಆದರೆ ಯಾವ ಅಧ್ಯಾಯ ಎಂಬುದನ್ನು ಭಾನುವಾರಕ್ಕೆ ಬಿಡು.

ಶನಿವಾರ ರಾತ್ರಿ ಮೊದಲು ಶುಭಸಂದೇಶ ಓದು, ಆಮೇಲೆ ಮೊದಲ ವಾಚನ. ಸಾಧಾರಣ ಕಾಲದಲ್ಲಿ ಅವೆರಡನ್ನೂ ಹೊಂದಿಸಿಯೇ ಇಟ್ಟಿರುತ್ತಾರೆ. ಮಾರ್ಕನ ವರ್ಷದ 17ನೇ ಭಾನುವಾರ ಎಲೀಷ ಇಪ್ಪತ್ತು ಜವೆಗೋಧಿ ರೊಟ್ಟಿಯಲ್ಲಿ ನೂರು ಮಂದಿಗೆ ಉಣಿಸುತ್ತಾನೆ. ಅಂದಿನ ಶುಭಸಂದೇಶದಲ್ಲಿ ಹುಡುಗನ ಬಳಿ ಇರುವುದೂ ಜವೆಗೋಧಿ ರೊಟ್ಟಿಗಳೇ, ಐದು. ಯೇಸು ಯಾರ ಹಾದಿಯಲ್ಲಿ ಬಂದು ಎಷ್ಟು ಮುಂದೆ ಹೋದರೆಂದು ಯಾರ ವಿವರಣೆಯೂ ಇಲ್ಲದೆ ನಿನಗೇ ತಿಳಿಯುತ್ತದೆ. ಎರಡನೆಯ ವಾಚನ ಆಗ ಪೌಲನ ಪತ್ರದಂಥದನ್ನು ತನ್ನ ಪಾಡಿಗೆ ಮುಂದುವರಿಸುತ್ತಿರುತ್ತದೆ, ಅದನ್ನು ಎಳೆದು ಗಂಟು ಹಾಕಬೇಡ. ಮೊಬೈಲಿನ ಪ್ರಬೋಧನೆಗಳನ್ನು ಇಷ್ಟೆಲ್ಲಾ ಆದಮೇಲೆ ಕೇಳು.

ಓದಲು ನಿಲ್ಲುವುದೂ ಬಿಡುವುದೂ ನಿನಗೆ ಬಿಟ್ಟದ್ದು ಎಂದು ಬಾಯಲ್ಲಿ ಹೇಳುತ್ತೇನೆ, ಮನಸ್ಸು ಒಪ್ಪುತ್ತಿಲ್ಲ. ವಾಚಕಿಯಾಗಿ ವಿಧಿಪೂರ್ವಕ ನೇಮಕಗೊಳ್ಳುವ ಅವಕಾಶ ಹೆಂಗಸರಿಗೆ ಸಿಕ್ಕಿದ್ದೇ 2021ರಲ್ಲಿ, ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ. ನಮಗೆ ಕಾದು ಸಿಕ್ಕಿದ್ದನ್ನು ನಿನಗೆ ಕರೆದು ಕೊಡುತ್ತಿದ್ದಾರೆ. ತನಗೆ ಒಪ್ಪದ ಮಾತನ್ನೂ ತನ್ನದೇ ದನಿಯಲ್ಲಿ ಗಟ್ಟಿಯಾಗಿ ಓದಿದವಳು ಅದರಿಂದ ಸುಲಭವಾಗಿ ತಪ್ಪಿಸಿಕೊಳ್ಳಲಾರಳು. ಜಾಣೆ ನೀನು, ಹೂಂ ಅನ್ನು. ಕಷ್ಟದ ಹೆಸರುಗಳು ಬಂದರೆ ಶನಿವಾರ ನನಗೆ ಫೋನ್ ಮಾಡು, ಇಬ್ಬರೂ ಸೇರಿ ಓದಿ ನೋಡೋಣ.

ನಿನ್ನ ದೊಡ್ಡಮ್ಮ