ಕಣ್ಣು ತಂದದ್ದು, ಮಿದುಳು ಕಂಡದ್ದು

ಪ್ರೀತಿಯ ಪುಟ್ಟಿ,

‘ಮನಸ್ಸಿನ ಬಗ್ಗೆ ಓದೋಣ ಅಂತ ಮನಃಶಾಸ್ತ್ರ ತಗೊಂಡರೆ ಮೊದಲ ಸೆಮಿಸ್ಟರ್‌ನಲ್ಲೇ ಕಣ್ಣು, ಕಿವಿ, ಚರ್ಮ ಅಂತ ಶುರು ಮಾಡಿದ್ದಾರೆ’ ಎಂದು ಗೊಣಗುತ್ತಿದ್ದೀಯಂತೆ. ನಿನ್ನಪ್ಪ ಫೋನಿನಲ್ಲಿ ಹೇಳಿ ನಕ್ಕ. ನಾನು ನಗಲಿಲ್ಲ. ಆ ಅಧ್ಯಾಯ ಹಾರಿಸಬೇಡ ಮಗಳೇ, ಮನಸ್ಸಿನ ಕಾರುಬಾರು ಶುರುವಾಗುವುದೇ ಅಲ್ಲಿಂದ.

ಕಣ್ಣೆಂದರೆ ಕ್ಯಾಮೆರಾ ಎಂದು ನಮಗೆಲ್ಲ ಶಾಲೆಯಲ್ಲಿ ಕಲಿಸಿದ್ದರು. ಮಸೂರ, ಪಾಪೆ, ಹಿಂಬದಿಯಲ್ಲಿ ತಲೆಕೆಳಗಾದ ಬಿಂಬ. ಅಷ್ಟರಮಟ್ಟಿಗೆ ಒಪ್ಪೋಣ. ಅಲ್ಲಿಂದಾಚೆಗೆ ಆ ಮಾತು ನಡೆಯುವುದಿಲ್ಲ. ರೆಟಿನಾದಲ್ಲಿ ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಸುಮಾರು 12 ಕೋಟಿ. ಬಣ್ಣ, ಸೂಕ್ಷ್ಮ ವಿವರ ಹಿಡಿಯುವ ಶಂಕುಕೋಶಗಳು ಸುಮಾರು 60 ಲಕ್ಷ. ಇವೆಲ್ಲದರ ಸುದ್ದಿಯನ್ನು ಮಿದುಳಿಗೆ ಒಯ್ಯುವ ದೃಷ್ಟಿನರದ ಎಳೆಗಳು ಮಾತ್ರ ಸುಮಾರು 10 ಲಕ್ಷ. ಬಂದದ್ದನ್ನೆಲ್ಲ ಬಂದ ಹಾಗೆ ಕಳಿಸುವುದುಂಟೇ? ಆರಿಸುವುದು, ಕೂಡಿಸುವುದು, ಕೈಬಿಡುವುದು ಕಣ್ಣಿನಲ್ಲೇ ಆರಂಭವಾಗುತ್ತದೆ. ಇನ್ನು ನಿಚ್ಚಳವಾಗಿ ಕಾಣುವ ಜಾಗವೋ, ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಅಗಲ. ಸುತ್ತಲಿನದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಎರಡು ಮೂರು ಸಲ ಅತ್ತಿತ್ತ ನೆಗೆಯುತ್ತಲೇ ಇರುವುದರಿಂದ ಆ ಮಸುಕು ನಮ್ಮ ಗಮನಕ್ಕೇ ಬರುವುದಿಲ್ಲ.

ನಂಬಿಕೆ ಬರದಿದ್ದರೆ ಗೆರೆಯಿರುವ ನೋಟ್‌ಬುಕ್ ತೆಗೆ. ಒಂದೇ ಗೆರೆಯ ಮೇಲೆ ಎಡಕ್ಕೊಂದು ಕೂಡಿಸುವ ಚಿಹ್ನೆ, ಅದರಿಂದ ಎಂಟು ಸೆಂಟಿಮೀಟರ್ ಬಲಕ್ಕೆ ಒಂದು ದಪ್ಪ ಚುಕ್ಕೆ ಹಾಕು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ಪುಸ್ತಕವನ್ನು ನಿಧಾನವಾಗಿ ಹತ್ತಿರ ತಾ. ಒಂದಡಿ ದೂರಕ್ಕೆ ಬರುತ್ತಿದ್ದಂತೆ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರ ಕಣ್ಣಿನಿಂದ ಹೊರಡುವ ಕಡೆ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮೆ ಮಾರಿಯಟ್ ಇದನ್ನು 1660ರ ದಶಕದಲ್ಲೇ ತೋರಿಸಿಕೊಟ್ಟಿದ್ದ. ಆದರೆ ನನ್ನನ್ನು ಬೆರಗುಗೊಳಿಸುವುದು ಚುಕ್ಕೆ ಹೋದದ್ದಲ್ಲ. ಅದು ಹೋದ ಜಾಗದಲ್ಲಿ ತೂತು ಕಾಣುವುದಿಲ್ಲ ನೋಡು, ನೋಟ್‌ಬುಕ್ಕಿನ ಗೆರೆ ತುಂಡಾಗದೆ ಮುಂದುವರಿದಿರುತ್ತದೆ! ಆ ಗೆರೆಯನ್ನು ಎಳೆದವರು ಯಾರು? ಕಣ್ಣಂತೂ ಅಲ್ಲ. ಇಂದ್ರಿಯ ತಂದುಕೊಟ್ಟ ಅರೆಬರೆ ಸುದ್ದಿಯ ಮೇಲೆ ಮಿದುಳು ನಮಗರಿವಿಲ್ಲದೆಯೇ ಮಾಡುವ ಊಹೆಯೇ ನೋಟ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ವಾದಿಸಿದ್ದ. ನಿನ್ನ ಪಾಠದಲ್ಲಿ ಸಂವೇದನೆ, ಗ್ರಹಿಕೆ ಎಂದು ಎರಡು ಭಾಗ ಮಾಡಿರುವುದು ಇದಕ್ಕೇ.

ಈ ಊಹೆ ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ಇದಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯ ಕಥೆ ನನಗೆ ಬಲು ಇಷ್ಟ. 1688ರಲ್ಲಿ ಡಬ್ಲಿನ್ನಿನ ವಿಲಿಯಂ ಮಾಲಿನ್ಯೂ ಎಂಬಾತ ತತ್ತ್ವಶಾಸ್ತ್ರಜ್ಞ ಜಾನ್ ಲಾಕ್‌ಗೊಂದು ಪತ್ರ ಬರೆದ. ಹುಟ್ಟುಕುರುಡನೊಬ್ಬ ಗೋಳ ಯಾವುದು, ಘನ ಯಾವುದು ಎಂದು ಕೈಯಿಂದ ಮುಟ್ಟಿ ಹೇಳಬಲ್ಲ. ಅವನಿಗೆ ದೃಷ್ಟಿ ಬಂತೆನ್ನು. ಮುಟ್ಟದೆ, ಬರೀ ನೋಡಿ ಅವೆರಡನ್ನೂ ಗುರುತಿಸುವನೇ? ಮಾಲಿನ್ಯೂ ಇಲ್ಲವೆಂದ, ಲಾಕ್ ಕೂಡ ಇಲ್ಲವೆಂದ. ಸರಿಯಾಗಿ ಪರೀಕ್ಷಿಸಿ ನೋಡುವುದು ಕಷ್ಟವಾದ್ದರಿಂದ ದೊಡ್ಡ ದೊಡ್ಡ ಪಂಡಿತರು ಮುನ್ನೂರು ವರ್ಷ ಜಗಳವಾಡಿದರು.

ಹೆಚ್ಚು ಗಟ್ಟಿಯಾದ ಉತ್ತರ ಸಿಕ್ಕಿದ್ದು ನಮ್ಮ ದೇಶದ ಮಕ್ಕಳಿಂದ. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ‘ಪ್ರಾಜೆಕ್ಟ್ ಪ್ರಕಾಶ್’ ಹೆಸರಿನಲ್ಲಿ ಭಾರತದ ಬಡಮಕ್ಕಳ ಅಂಧತ್ವಕ್ಕೆ ಚಿಕಿತ್ಸೆ ಕೊಡಿಸುತ್ತ, ಜೊತೆಗೆ ಅವರು ನೋಡಲು ಕಲಿಯುವ ಬಗೆಯನ್ನೂ ಅಭ್ಯಾಸ ಮಾಡುತ್ತಿದ್ದಾರೆ. ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವರು 8ರಿಂದ 17 ವರ್ಷದ ಐವರು. ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ, ಕೈಯಲ್ಲಿ ಮುಟ್ಟಿದ ಆಕಾರ ಯಾವುದೆಂದು ಕಣ್ಣಿನಿಂದ ಆರಿಸಲು ಹೇಳಿದಾಗ ಅವರ ಉತ್ತರ ಬಹುಮಟ್ಟಿಗೆ ಕಣ್ಣುಮುಚ್ಚಿ ಹೇಳಿದಂತಿತ್ತು. ಲಾಕ್ ಗೆದ್ದ ಅನ್ನು. ಆದರೆ ಕೆಲವೇ ದಿನಗಳಲ್ಲಿ, ಯಾರೂ ಪಾಠ ಹೇಳಿಕೊಡದೆ, ಅವರು ಅದನ್ನು ಕಲಿತುಕೊಳ್ಳತೊಡಗಿದ್ದರು. ಮೊದಲ ಫಲಿತಾಂಶಕ್ಕಿಂತ ಈ ಎರಡನೆಯದೇ ದೊಡ್ಡದು ಎಂದು ನನ್ನ ಲೆಕ್ಕ.

ಹಾಗೆಂದು ಎಲ್ಲವೂ ಮರಳಿ ಬರುವುದಿಲ್ಲ. ಎಳೆಯ ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟರೆ ಆಮೇಲೆ ತೆರೆದರೂ ಆ ಕಣ್ಣಿಗೆ ಸರಿಯಾದ ನೋಟ ಬರುವುದಿಲ್ಲ. ಅಷ್ಟರಲ್ಲಿ ಮಿದುಳು ಅದರ ಪಾಲನ್ನು ಇನ್ನೊಂದಕ್ಕೆ ಬಿಟ್ಟುಕೊಟ್ಟಿರುತ್ತದೆ. ಇದನ್ನು ಕಂಡುಕೊಂಡ ಹ್ಯೂಬೆಲ್ ಮತ್ತು ವೀಸೆಲ್ 1981ರಲ್ಲಿ ನೊಬೆಲ್ ಹಂಚಿಕೊಂಡರು. ಪ್ರಕಾಶದ ಮಕ್ಕಳಿಗೂ ನಮ್ಮಷ್ಟು ನಿಚ್ಚಳ ನೋಟ ಬರಲಿಲ್ಲ.

ಆದ್ದರಿಂದ ಒಂದು ಮಾತು. ಪರೀಕ್ಷೆ ಮುಗಿದು ನೀನು ಇದನ್ನೆಲ್ಲ ಮರೆತರೂ ಚಿಂತೆಯಿಲ್ಲ. ಆದರೆ ಯಾರದೇ ಹಸುಗೂಸಿನ ಕಣ್ಣಪಾಪೆಯಲ್ಲಿ, ನೋಟಕ್ಕೆ ಅಡ್ಡಬರುವ ಪೊರೆಯಂತೆ, ಬಿಳಿ ಕಂಡರೆ ‘ದೊಡ್ಡದಾದ ಮೇಲೆ ನೋಡೋಣ’ ಎನ್ನಲು ಬಿಡಬೇಡ. ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಕಳಿಸು.

ನಿನ್ನ
ದೊಡ್ಡಪ್ಪ