ಅಂಗಡಿಯ ಗುಲಾಬಿ, ಗೋಡೆಯ ಗುಲಾಬಿ

ಪ್ರಶ್ನೆ: ಬಿನ್ನಿಪೇಟೆಯಲ್ಲಿ ನಮ್ಮದು 20x30 ಸೈಟಿನ ಹಳೆಯ ಮನೆ. ಹಾಲಿಗೆ ತಿಳಿ ಗುಲಾಬಿ ಬಣ್ಣ ಹೊಡೆಸೋಣವೆಂದು ಶೇಡ್ ಕಾರ್ಡ್ ನೋಡಿ ಒಂದನ್ನು ಆರಿಸಿದೆವು. ಎರಡು ಗೋಡೆ ಮುಗಿಯುವಷ್ಟರಲ್ಲಿ ಕೆಲಸ ನಿಲ್ಲಿಸಿದ್ದೇವೆ. ಹಗಲಲ್ಲಿ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ, ರಾತ್ರಿ ದೀಪ ಹಾಕಿದರೆ ನೇರಳೆಗೆ ತಿರುಗುತ್ತದೆ. ಅಂಗಡಿಯವರು ಬೇರೆ ಬಣ್ಣ ಕೊಟ್ಟರೇ? ಇನ್ನಷ್ಟು ನೀರು ಬೆರೆಸಿದರೆ ತಿಳಿಯಾಗುತ್ತದೆಯೇ? ನಮ್ಮತ್ತೆಯವರಂತೂ "ಮನೆ ಕಲ್ಯಾಣ ಮಂಟಪದ ಥರ ಆಯ್ತು" ಎನ್ನುತ್ತಿದ್ದಾರೆ.

ಉತ್ತರ: ಕೆಲಸ ನಿಲ್ಲಿಸಿ ಕೇಳಿದಿರಲ್ಲ, ಒಳ್ಳೆಯದೇ ಆಯಿತು. ನಾಲ್ಕೂ ಗೋಡೆ ಮುಗಿದ ಮೇಲೆ ಇದೇ ಪ್ರಶ್ನೆ ಕೇಳುವವರು ಹೆಚ್ಚು. ಕಾರ್ಡಿನಲ್ಲಿ ಒಂದು, ಗೋಡೆಯಲ್ಲಿ ಇನ್ನೊಂದು ಕಂಡರೆ ಅಂಗಡಿಯವರ ಮೇಲೆ ಅನುಮಾನ ಬರುವುದು ಸಹಜ. ಅದನ್ನು ಮೊದಲು ಪರಿಹರಿಸಿಕೊಳ್ಳಿ. ಡಬ್ಬಿಯ ಚೀಟಿಯಲ್ಲಿರುವ ಶೇಡ್ ನಂಬರನ್ನು ಕಾರ್ಡಿನ ನಂಬರಿನೊಂದಿಗೆ ತಾಳೆ ನೋಡಿ. ಬಣ್ಣದ ಒಂದು ಹನಿಯನ್ನು ಕಾರ್ಡಿನ ಅದೇ ಚೌಕದ ಮೇಲೆ ಸವರಿ, ಪೂರ್ತಿ ಒಣಗಲು ಬಿಡಿ. ಹಸಿ ಇರುವಾಗ ನೋಡಿ ತೀರ್ಮಾನಿಸಬೇಡಿ, ಎಮಲ್ಷನ್ ಒಣಗಿದ ಮೇಲೆ ಬೇರೆಯೇ ಕಾಣುತ್ತದೆ. ಒಣಗಿದ ಹನಿ ಕಾರ್ಡಿನೊಳಗೆ ಬೆರೆತುಹೋದರೆ ಅಂಗಡಿಯವರದು ತಪ್ಪಿಲ್ಲ. ಬಹುಪಾಲು ಹಾಗೆಯೇ ಆಗುತ್ತದೆ.

ಹಾಗಾದರೆ ಗೋಡೆಯಲ್ಲಿ ಗಾಢವಾಗುವುದೇಕೆ? ಕಾರ್ಡಿನ ಚೌಕ ಬೆರಳಗಲದ್ದು, ಸುತ್ತಲೂ ಬಿಳಿ. ಗೋಡೆಯಲ್ಲಿ ಅದೇ ಬಣ್ಣ ಕಣ್ಣಿನ ತುಂಬ ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಗುಲಾಬಿ ಗೋಡೆಯಿಂದ ಹೊರಟ ಬೆಳಕು ಪಕ್ಕದ ಗುಲಾಬಿ ಗೋಡೆಗೆ ಬಡಿದು ಮತ್ತೆ ಹಿಂದಿರುಗುತ್ತದೆ. ಪ್ರತಿ ಸಲವೂ ಗೋಡೆ ಅದರಲ್ಲಿನ ಹಸಿರು ಅಂಶವನ್ನು ಸ್ವಲ್ಪ ಹೀರಿಕೊಂಡು ಕೆಂಪನ್ನು ಉಳಿಸಿ ಕಳಿಸುತ್ತದೆ. ಹೀಗಾಗಿ ಬಣ್ಣ ತನ್ನನ್ನು ತಾನೇ ಗಾಢ ಮಾಡಿಕೊಳ್ಳುತ್ತದೆ. ಇದನ್ನು ಕೈಯಾರೆ ನೋಡಬಹುದು. ಒಂದು ಡ್ರಾಯಿಂಗ್ ಶೀಟಿಗೆ ಆ ಬಣ್ಣ ಬಳಿದು, ಒಣಗಿದ ಮೇಲೆ ಬಣ್ಣದ ಮುಖ ಒಳಗೆ ಬರುವಂತೆ ಅರ್ಧಕ್ಕೆ ಮಡಿಸಿ. ಮಡಿಕೆಯ ಹತ್ತಿರ ಬಣ್ಣ ಕಡುವಾಗುವುದು ಎದ್ದು ಕಾಣುತ್ತದೆ. ನಿಮ್ಮ ಹಾಲಿನ ಮೂಲೆಯಲ್ಲಿ ಆಗಿರುವುದೂ ಇದೇ. ಹಳೆಯ ಮನೆ ಎಂದಿದ್ದೀರಿ. ನೆಲ ರೆಡ್ ಆಕ್ಸೈಡಿನದಾಗಿದ್ದರೆ ಅದರ ಕೆಂಪೂ ಗೋಡೆಯ ಕೆಳಭಾಗಕ್ಕೆ ಸೇರಿಕೊಂಡಿರುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನು ಆರಿಸುವುದು ಗುಲಾಬಿಯ ಮಟ್ಟಿಗೆ ಜಾಣತನ. ಅಂಗಡಿಯಲ್ಲಿ "ಇದು ಬರೀ ಬಿಳಿ ಅಲ್ಲವೇ" ಎನಿಸಿದ ಶೇಡ್ ಮನೆಗೆ ಬಂದ ಮೇಲೆ ಹದವಾದ ಗುಲಾಬಿಯಾಗುತ್ತದೆ.

ಇನ್ನು ರಾತ್ರಿಯ ನೇರಳೆ. ನಿಮ್ಮ ಹಾಲಿನ ದೀಪದ ಮೇಲೋ ಅದರ ಡಬ್ಬಿಯ ಮೇಲೋ 6500 ಎಂದು ಬರೆದಿದೆಯೇ ನೋಡಿ. 'ಕೂಲ್ ಡೇಲೈಟ್' ಎಂದು ಮಾರುವ ದೀಪ ಅದು, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಅದೇ. ಅದರಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಗುಲಾಬಿಯಲ್ಲಿ ಎರಡು ಜಾತಿ ಇದೆ. ಒಂದು, ಬಿಳಿ ಬೇಸಿಗೆ ಮಜೆಂಟಾ ಸ್ಟೇನರ್ ಹಾಕಿ ಬರಿಸಿದ್ದು, ಇದರಲ್ಲಿ ನೀಲಿ ಅಡಗಿರುತ್ತದೆ. ಇನ್ನೊಂದು, ರೆಡ್ ಆಕ್ಸೈಡಿಗೆ ಚೂರು ಹಳದಿ ಸೇರಿಸಿ ಬರಿಸಿದ್ದು. ಸುಣ್ಣಕ್ಕೆ ಒಂದು ಚಿಟಿಕೆ ಕಾವಿ ಬೆರೆಸಿದರೆ ಬರುವ ಮಣ್ಣಿನ ಗುಲಾಬಿ ಇದು. ಸೀರೆ ಅಂಗಡಿಯವರು ಆನಿಯನ್ ಪಿಂಕ್ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ನೀಲಿ ಬೆಳಕು ಬಿದ್ದಾಗ ಮೊದಲನೆಯದರಲ್ಲಿ ಅಡಗಿದ್ದ ನೀಲಿ ಮೇಲೆದ್ದು ನೇರಳೆಯಾಗುತ್ತದೆ. ಎರಡನೆಯದು ಸ್ವಲ್ಪ ಮಂಕಾದೀತು, ನೇರಳೆಯಾಗದು. ನಿಮ್ಮದು ಮೊದಲನೆಯ ಜಾತಿ ಎಂಬುದರಲ್ಲಿ ನನಗೆ ಹೆಚ್ಚು ಸಂಶಯವಿಲ್ಲ. ನನ್ನನ್ನು ಕೇಳಿದರೆ ವಾಸದ ಮನೆಗೆ ಮಣ್ಣಿನ ಗುಲಾಬಿಯೇ ಸರಿ. ಬಿಸಿಲಿಗೆ ಬೇಗ ಮಾಸದ ಗುಣವೂ ಕಬ್ಬಿಣದ ಆಕ್ಸೈಡಿಗೆ ಇದೆ.

ಬೆಳಕು ಬದಲಾದರೆ ಬಣ್ಣ ಬದಲಾಗುವ ಈ ಕಾಟ ನಿಮ್ಮ ಪೇಟೆಗೆ ಹೊಸದಲ್ಲ. ಪೇಟೆಗೆ ಹೆಸರು ಕೊಟ್ಟ ಬಿನ್ನಿ ಮಿಲ್ಲು 1884ರಲ್ಲಿ ಶುರುವಾದ ಬಟ್ಟೆ ಗಿರಣಿ. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಟ್ಟೆ ಇನ್ನೊಂದು ಬೆಳಕಿನಲ್ಲಿ ಹೊಂದದೆ ಹೋಗುವುದು ಬಟ್ಟೆಗೆ ಬಣ್ಣ ಹಾಕುವವರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೇ ಎರಡು ಮೂರು ಬಗೆಯ ದೀಪದಡಿ ಹಿಡಿದು ನೋಡುತ್ತಾರೆ. ಚಿಕ್ಕಪೇಟೆಯಲ್ಲಿ ಸೀರೆಯನ್ನು ಬಾಗಿಲ ಬೆಳಕಿಗೆ ತಂದು ನೋಡುವ ಗಿರಾಕಿಗಳು ಮಾಡುವುದೂ ಅದನ್ನೇ. ಗೋಡೆಯನ್ನು ಬಾಗಿಲಿಗೆ ತರುವಂತಿಲ್ಲ, ಅಷ್ಟೇ.

ಹಗಲ ಬೆಳಕಿನ ವಿಚಾರದಲ್ಲಿ ಒಂದು ಎಚ್ಚರ. ಉತ್ತರದ ಕೋಣೆಗೆ ಬಿಸಿಲೇ ಬಾರದು, ಬೆಳಕು ತಣ್ಣಗಿರುತ್ತದೆ, ಅದಕ್ಕೆ ಗುಲಾಬಿ ಹೊಡೆದು ಬೆಚ್ಚಗಾಗಿಸಿ ಎಂಬ ಸಲಹೆಯನ್ನು ನೀವೂ ಓದಿರಬಹುದು. ಅದು ಯುರೋಪಿನ ಮನೆಗಳಿಗೆ ಹೇಳಿದ ಮಾತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ತುಸು ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ ಆ ಕಡೆಯ ಕಿಟಕಿಯಿಂದ ಒಳಗೆ ಬರುತ್ತಾನೆ. ಅಲ್ಲದೆ 20x30 ಸೈಟಿನಲ್ಲಿ ದಿಕ್ಕಿಗಿಂತ ಪಕ್ಕದ ಮನೆ ಮುಖ್ಯ. ನಡುವೆ ಮೂರಡಿ ಓಣಿ ಇದ್ದರೆ ನಿಮ್ಮ ಕಿಟಕಿಗೆ ಬರುವುದು ಆಕಾಶದ ಬೆಳಕಲ್ಲ, ಎದುರಿನ ಗೋಡೆಗೆ ಬಡಿದು ಬಂದ ಬೆಳಕು. ಆ ಗೋಡೆ ಗಿಳಿಹಸಿರಾಗಿದ್ದರೆ ನಿಮ್ಮ ಗುಲಾಬಿ ಬೂದಿಯಾಗುತ್ತದೆ, ಹಳದಿಯಾಗಿದ್ದರೆ ಪೀಚ್ ಆಗುತ್ತದೆ. ಮಿಲ್ಲಿನ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟುಗಳ ನೆರಳು ಬೀಳುವ ಬೀದಿಯಾದರೆ ಅದೂ ಲೆಕ್ಕಕ್ಕೆ ಬರುತ್ತದೆ. ನೆರೆಯವರು ಮುಂದಿನ ದೀಪಾವಳಿಗೆ ಬಣ್ಣ ಬದಲಿಸಿದರೆ ಏನು ಮಾಡುವುದೆಂದು ಮಾತ್ರ ಕೇಳಬೇಡಿ.

ನೀರಿನ ಸಂಗತಿಗೆ ಬರೋಣ, ಬಹಳ ಜನ ಎಡವುವುದು ಇಲ್ಲೇ. ನೀರು ಬಣ್ಣವನ್ನು ತೆಳು ಮಾಡುತ್ತದೆ, ತಿಳಿ ಮಾಡುವುದಿಲ್ಲ. ಗೋಡೆಗೆ ಹಚ್ಚಿದ ಮೇಲೆ ನೀರೆಲ್ಲ ಆರಿಹೋಗಿ ಉಳಿಯುವುದು ಅದೇ ಗುಲಾಬಿ, ಪದರ ಮಾತ್ರ ತೆಳ್ಳಗೆ. ಕೆಳಗಿನ ಪುಟ್ಟಿ, ಪ್ರೈಮರ್ ಅಲ್ಲಲ್ಲಿ ಇಣುಕಿ ತೇಪೆ ತೇಪೆಯಾಗಿ ಕಾಣುತ್ತದೆ, ಒರೆಸಿದರೆ ಕೈಗೆ ಬರುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟೇ ನೀರು ಸಾಕು. ತಿಳಿ ಮಾಡುವುದು ಬಿಳಿ ಬಣ್ಣ ಮಾತ್ರ. ಅದೇ ಕಂಪನಿಯ, ಅದೇ ಹೆಸರಿನ ಎಮಲ್ಷನ್ನಿನ ಬಿಳಿಯನ್ನು ತಂದು, ಮೊದಲು ಒಂದು ಲೋಟದಷ್ಟರಲ್ಲಿ ಸಮಪಾಲು ಬೆರೆಸಿ ನೋಡಿ. ಇದರಿಂದ ಗಾಢತೆ ಇಳಿಯುತ್ತದೆ. ನೇರಳೆಯ ಛಾಯೆ ಇಳಿಯುವುದಿಲ್ಲ, ಏಕೆಂದರೆ ಮಜೆಂಟಾ ಅಲ್ಲೇ ಇರುತ್ತದೆ.

ನೇರಳೆಗೆ ಅಗ್ಗದ ಮದ್ದು ದೀಪ ಬದಲಿಸುವುದು. ಪೇಂಟರನ್ನು ಕರೆಯುವ ಮೊದಲು 3000 ಅಥವಾ 4000 ಎಂದು ಬರೆದ ಒಂದು ಎಲ್‌ಇಡಿ ದೀಪ ತಂದು ಹಾಕಿ ನೋಡಿ. ಡಬ್ಬಿಯ ಮೇಲೆ ಸಿಆರ್‌ಐ 90 ಎಂದಿದ್ದರೆ ಇನ್ನೂ ಒಳ್ಳೆಯದು, ಅಂಥ ದೀಪದಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ. ಅರ್ಧಕ್ಕರ್ಧ ತಕರಾರು ಅಲ್ಲಿಗೇ ತೀರಬಹುದು. ತೀರದಿದ್ದರೆ ಮಣ್ಣಿನ ಗುಲಾಬಿಯ ಶೇಡ್ ತೆಗೆದುಕೊಂಡು ಹೊಡೆಸಿ. ಈಗ ಹೊಡೆದಿರುವುದೂ ತಿಳಿಯೇ ಆದ್ದರಿಂದ ಎರಡು ಕೋಟಿನಲ್ಲಿ ಮುಚ್ಚಿಹೋಗುತ್ತದೆ, ಮತ್ತೆ ಪುಟ್ಟಿ ಬೇಕಿಲ್ಲ. ಈ ಸಲ ಕಾರ್ಡ್ ನಂಬಬೇಡಿ. ಒಂದೊಂದು ಲೀಟರ್ ತಂದು, ಎರಡಡಿ ಅಗಲದ ಪ್ಲೈವುಡ್ ತುಂಡಿಗೆ ಪ್ರೈಮರ್ ಹಾಕಿ, ಎರಡು ಕೋಟ್ ಹೊಡೆಯಿರಿ. ಅದನ್ನು ಕಿಟಕಿಯ ಎದುರು, ಕಿಟಕಿಯ ಪಕ್ಕ, ಒಳಗಿನ ಮೂಲೆ ಮೂರೂ ಕಡೆ ಇಟ್ಟು ಬೆಳಿಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಬಣ್ಣ ಹೊಡೆದಿರುವ ಈ ಗೋಡೆಗೇ ಸ್ಯಾಂಪಲ್ ಬಳಿದು ನೋಡಬೇಡಿ, ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ನಿಮ್ಮತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಕಲ್ಯಾಣ ಮಂಟಪದ ನೆನಪು ಬರುವುದು ಗುಲಾಬಿಯಿಂದಲ್ಲ, ಅದರ ಹೊಳಪಿನಿಂದ. ಹೊಳೆಯುವ ಫಿನಿಷ್ ಬಿಟ್ಟು ಮ್ಯಾಟ್ ತೆಗೆದುಕೊಳ್ಳಿ. ಸೀಲಿಂಗ್ ಬಿಳಿಯಾಗಿರಲಿ. ಬಾಗಿಲು, ಕಿಟಕಿ ತೇಗದವಾದರೆ ಪಾಲಿಷ್ ಮಾಡಿಸಿ ಬಿಡಿ, ಮರದ ಕಂದು ಈ ಬಣ್ಣಕ್ಕೆ ಚೆನ್ನಾಗಿ ಒಗ್ಗುತ್ತದೆ. ಬಂಗಾರದ ಬಣ್ಣದ ಪಟ್ಟಿ, ಗುಲಾಬಿಯದೇ ಪರದೆ ಎರಡೂ ಬೇಡ. ಪರದೆಗೆ ಬಣ್ಣ ಹಾಕದ ಹತ್ತಿ ಬಟ್ಟೆಯೋ ಎಲೆಹಸಿರೋ ಸಾಕು.

ಕೊನೆಗೆ ಅಳತೆ. 10x14ರ ಹಾಲು, ಹತ್ತಡಿ ಎತ್ತರ ಎಂದಿಟ್ಟುಕೊಂಡರೆ ಬಾಗಿಲು ಕಿಟಕಿ ಕಳೆದು ಗೋಡೆ ಸುಮಾರು 400 ಚದರಡಿ. ಎರಡು ಕೋಟಿಗೆ ಲೀಟರಿಗೆ 100 ಚದರಡಿ ಎಂದು ಹಿಡಿದರೆ 4 ಲೀಟರಿನ ಒಂದೇ ಡಬ್ಬಿ ಸಾಕಾಗುತ್ತದೆ. ಬೇರೆ ಬೇರೆ ದಿನ ಬೇರೆ ಬೇರೆ ಡಬ್ಬಿ ತರಬೇಡಿ. ತಿಳಿ ಶೇಡಿಗೆ ಮೆಷಿನ್ನು ಹಾಕುವ ಸ್ಟೇನರೇ ಕೆಲವು ಹನಿ, ಒಂದು ಹನಿ ಆಚೀಚೆಯಾದರೂ ಗೋಡೆಯಲ್ಲಿ ಗೊತ್ತಾಗುತ್ತದೆ. ಎರಡು ಡಬ್ಬಿ ತರಲೇಬೇಕಾದರೆ ಶುರು ಮಾಡುವ ಮೊದಲೇ ಎರಡನ್ನೂ ಒಂದು ಬಕೆಟ್ಟಿಗೆ ಸುರಿದು ಕಲಸಲು ಪೇಂಟರಿಗೆ ಹೇಳಿ.