ಚದರಿಸುವದೂ ಬಿತ್ತುವದೂ: ಒಂದು ಇಂಗ್ಲಿಷ್ ಕ್ರಿಯಾಪದದ ವಿಚಾರ

ಇಂಗ್ಲಿಷ್ ಸತ್ಯವೇದವನ್ನು ಓದಲು ಕಲಿಯುವ ನಮ್ಮ ಯೌವನಸ್ಥರು “ಸ್ಕ್ಯಾಟರ್” ಎಂಬ ಕ್ರಿಯಾಪದದ ಬಳಿ ಎಡವುವದುಂಟು. ಬೀಜವನ್ನು ಚೆಲ್ಲುತ್ತೇವೆ, ಕೋಳಿಗಳಿಗೆ ಕಾಳನ್ನು ಎರಚುತ್ತೇವೆ, ತೋಳವು ಕುರಿಗಳನ್ನು ಚದರಿಸುತ್ತದೆ. ಇವೆಲ್ಲಕ್ಕೂ ಇಂಗ್ಲಿಷಿನವರು ಆ ಒಂದೇ ಮಾತನ್ನು ಆಡುತ್ತಾರೆ. ಮೇಲಾಗಿ, ನಮ್ಮಲ್ಲಿ ಕುರಿಗಳು ಚದರುತ್ತವೆ, ತೋಳವು ಚದರಿಸುತ್ತದೆ. “ಇಸು” ಎಂಬ ಪ್ರತ್ಯಯವು ಮಾಡಿದವನನ್ನು ತೋರಿಸಿಕೊಡುವದು. ಇಂಗ್ಲಿಷಿನಲ್ಲಿ ಎರಡಕ್ಕೂ ರೂಪವು ಒಂದೇ. ಕರ್ಮಪದವುಂಟೋ ಇಲ್ಲವೋ ಎಂದು ನೋಡಿ ತಿಳಿಯಬೇಕು. ಇದನ್ನು “ಸ್ಪ್ರೆಡ್” ಎಂಬದರೊಡನೆ ಬೆರೆಸಬಾರದು. ಹಾಸಿದ ಚಾಪೆಯು ಒಂದಾಗಿಯೇ ಇರುವದು. ಎರಚಿದ ಕಾಳುಗಳ ನಡುವೆ ತೆರಪು ಬೀಳುವದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವು ಕನ್ನಡದಿಂದ ಇಂಗ್ಲಿಷಿಗೆ ಹೋಗುವದರಿಂದ, ಅದರಲ್ಲಿ ಹುಡುಕುವವನು ನಮ್ಮ ಮಾತುಗಳಿಂದಲೇ ಆರಂಭಿಸಬೇಕು. ಇದು ಒಳ್ಳೇ ಅಭ್ಯಾಸ.

ಈ ವಿಚಾರವು ನಮಗೆ ಬರಿಯ ವ್ಯಾಕರಣವಾಗಿ ಬರಲಿಲ್ಲ. ಮೈಸೂರಿನ ಸಿದ್ಧಾರ್ಥನಗರದ ನಮ್ಮ ಮನೆಗೆ ಒಂದು ಹಳ್ಳಿಯ ಸಭೆಯ ಹಿರಿಯರೊಬ್ಬರು ಬಂದು, “ಉಪದೇಶಿಗಳೇ, ನಮ್ಮ ಮಕ್ಕಳೆಲ್ಲಾ ಕೆಲಸಕ್ಕೆಂದು ಪಟ್ಟಣ ಸೇರಿದರು. ಭಾನುವಾರ ಗುಡಿಯಲ್ಲಿ ಮುದುಕರೇ ಕೂತಿರುತ್ತೇವೆ. ಬಾಬೆಲಿನವರ ಹಾಗೆ ದೇವರು ನಮ್ಮನ್ನೂ ಚದರಿಸಿಬಿಟ್ಟನೋ?” ಎಂದು ಕೇಳಿದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಗ್ರೀಕ್ ಮೂಲವನ್ನು ತೆರೆದು ನೋಡಿದೆವು. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ತೋಳವು ಮಾಡುವ ಕೆಲಸಕ್ಕೆ “ಸ್ಕೊರ್ಪಿಜೊ” ಎಂಬ ಮಾತುಂಟು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ, ಹಿಂಸೆಯಿಂದ ಯೆರೂಸಲೇಮನ್ನು ಬಿಟ್ಟುಹೋದ ವಿಶ್ವಾಸಿಗಳಿಗಾದರೋ “ಡಿಯಾಸ್ಪೈರೊ” ಎಂಬದು ಬಂದಿದೆ. “ಸ್ಪೈರೊ” ಅಂದರೆ ಬಿತ್ತು. ಇಂಗ್ಲಿಷು ಎರಡನ್ನೂ ಒಂದೇ ಮಾತಿನಿಂದ ಹೇಳಿ, ಈ ಭೇದವನ್ನು ಮರೆಮಾಡಿತು. ಆದರೂ ಮೊದಲನೆಯ ಮಾತು ಯಾವಾಗಲೂ ಕೆಟ್ಟದ್ದಲ್ಲ; ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಬಡವರಿಗೆ ಧಾರಾಳವಾಗಿ ಕೊಡುವವನ ವಿಷಯದಲ್ಲಿಯೂ ಅದು ಬರುತ್ತದೆ.

ಬಿತ್ತುವವನ ಸಾಮ್ಯವನ್ನು ಓದುವಾಗ, ಇವನು ದಾರಿಯಲ್ಲಿಯೂ ಬೀಜ ಬೀಳಿಸುವನಲ್ಲಾ ಎಂದು ನಮ್ಮ ರೈತರು ನಗುವದುಂಟು. ಕೂರಿಗೆಯಿಂದ ಸಾಲು ಹಿಡಿದು ರಾಗಿ ಬಿತ್ತುವವನಿಗೆ ಅದು ಅಜಾಗ್ರತೆಯಾಗಿ ಕಾಣುವದು. ಅವನು ಕೈಯಿಂದ ಚೆಲ್ಲುವವನು. ಚೆಲ್ಲಿದ ಬೀಜವು ಸಾಲನ್ನು ಕೇಳುವದಿಲ್ಲ.

1876ರಿಂದ 1878ರ ವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸೀಮೆಯ ಹಳ್ಳಿಗಳು ಚದರಿಹೋದವು. ಆಗ ದಿಕ್ಕಿಲ್ಲದ ಮಕ್ಕಳನ್ನು ಮಿಶನಿನವರು ಅನಾಥಾಲಯಗಳಲ್ಲಿ ಸೇರಿಸಿ ಸಾಕಿದರು. ಆ ಕ್ಷಾಮವನ್ನು ಒಳ್ಳೇದೆಂದು ನಾವು ಹೇಳಲಾರೆವು. ಸತ್ತವರನ್ನು ಮರೆತು ಹಾಗೆ ಹೇಳುವದು ಪಾಪವಾದೀತು.

ಹಿರಿಯರಿಗೆ ಕೃತ್ಯಗಳ 11ನೇ ಅಧ್ಯಾಯವನ್ನು ಓದಿಕೊಟ್ಟೆವು. ಚದರಿಹೋದವರಿಂದ ಅಂತಿಯೋಕ್ಯದಲ್ಲಿ ಸಭೆಯುಂಟಾಯಿತು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಲ್ಲಿಯೇ. ಮುಂದೆ ಬರ ಬಂದಾಗ, ಆ ಸಭೆಯವರೇ ಯೂದಾಯದ ಸಹೋದರರಿಗೆ ಹಣ ಕಳುಹಿಸಿದರು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, “ಕಳುಹಿಸಿದರು ಸರಿ, ತಾವೇ ಬಂದರೋ?” ಅಂದರು. ಪೌಲನೂ ಬಾರ್ನಬನೂ ಅದನ್ನು ಒಯ್ದು ಬಂದರೆಂದು ತೋರಿಸಿದೆವು. ಅವರ ಮಗನಿರುವ ಕೋಣೆಯ ವಿಳಾಸವನ್ನು ಬರಕೊಂಡಿದ್ದೇವೆ. ಬರುವ ಭಾನುವಾರ ಸಂಜೆ ಅಲ್ಲಿಗೆ ಹೋಗುವೆವು.